ಒಡ್ಡು ಯಾರದ್ದು?

ಹೋದ ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಕಾಗಾಲ, ಕುಮಟಾ ತಾಲೂಕು. "ಅದೆಲ್ಲಿ ಬರುತ್ತೆ?" ಅಂತ ಆಫೀಸಿನಲ್ಲಿ ಯಾರಾದ್ರೂ ಕೇಳಿದರೆ "ಗೋಕರ್ಣ ಗೊತ್ತಲ್ಲ, ಅಘನಾಶಿನಿ ಹೊಳೆಯ ಈಚೆ ದಡ" ಅಂದು ಮುಗಿಸಿಬಿಡ್ತೇನೆ.

ಬಸ್ಸಿಳಿದು ಮನೆಗೆ ಹೋಗಿ ಚಾ ಕುಡಿಯುವ ಮೊದಲೇ ಅಪ್ಪ ಹೇಳಿದ್ರು: "ಅಮಾಸೆ ನೀರಿಗೆ ಒಡ್ಡು ಒಡೆದೋಯ್ತು. ಹೇಗೂ ಬಂದಿದ್ದೀಯಲ್ಲ, ಒಂದು ಅರ್ಜಿ ಬರೆದುಕೊಡು."

ಒಳಗಿಂದ ಅಜ್ಜಿ ಕೂಗಿದ್ಳು: "ಇಂಜಿನಿಯರ್ ಆದವ ಅಂತೆ. ಅರ್ಜಿ ಬರೂಕೆ ಬತ್ತದೆ, ಒಡ್ಡು ಕಟ್ಟೂಕೆ ಬತ್ತಿಲ್ಲ!"

ನನ್ನದು ಕಂಪ್ಯೂಟರ್ ಸೈನ್ಸ್ ಅಜ್ಜಿ, ಅಂದೆ. ಅವಳಿಗೆ ಅದೆಲ್ಲ ಒಂದೇ. :-)

ಅರ್ಜಿ ಬರೆದುಕೊಟ್ಟೆ. ಆದ್ರೆ ಅಜ್ಜಿಯ ಆ ಮಾತು ತಲೆಯಲ್ಲಿ ಉಳಿದುಬಿಡ್ತು. ನಮ್ಮ ಮನೆಯ ಮೂರು ತಲೆಮಾರಿಗೆ 'ಸರ್ಕಾರ' ಅನ್ನುವ ಶಬ್ದದ ಅರ್ಥವೇ ಬೇರೆ ಬೇರೆ ಅನ್ನೋದು ಆವತ್ತು ಮೊದಲ ಸಲ ಹೊಳೀತು. ಅಜ್ಜನ ಕಾಲದಲ್ಲಿ ಅದು ಕಂದಾಯಕ್ಕೆ ಬರುವವರು. ಅಪ್ಪನಿಗೆ ಅದು ಒಡ್ಡು, ರಸ್ತೆ, ಶಾಲೆ ಕಟ್ಟಿಸಿಕೊಡಬೇಕಾದವರು. ನನಗೆ ಅದು ಮೊಬೈಲಿಗೆ ಬರುವ ಒಂದು ಎಸ್ಸೆಮ್ಮೆಸ್ಸು. ಇದು ಹೇಗಾಯ್ತು ಅಂತ ಕೆದಕುತ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ಓದಿ.

ಮೊದಲು ಗಜನಿ ಅಂದ್ರೇನು ಅಂತ ಹೇಳ್ಬೇಕು. ಘಜ್ನಿ ಮಹಮ್ಮದ್ ಅಲ್ಲ, ಸಿನಿಮಾನೂ ಅಲ್ಲ! ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟು ಕಟ್ಟಿಸಿಕೊಳ್ಳದೆ ಇಳಿದು ಬರುವ ಹೊಳೆ. ಸಮುದ್ರ ಸೇರುವ ಮೊದಲು ನಮ್ಮ ಕಡೆ ಅಗಲವಾಗಿ ಹರಡಿಕೊಳ್ಳುತ್ತೆ. ದಿನಕ್ಕೆರಡು ಸಲ ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತೆ, ಇಳಿತದಲ್ಲಿ ವಾಪಸ್ ಹೋಗುತ್ತೆ. ಈ ನೀರು ಹತ್ತುವ ತಗ್ಗು ಜಮೀನೇ ಗಜನಿ. ಹಿಂದಿನವರು ಅದಕ್ಕೆ ಸುತ್ತ ಮಣ್ಣಿನ ಒಡ್ಡು ಹಾಕಿ, ಅಲ್ಲಲ್ಲಿ ನೀರು ಬಿಡಲಿಕ್ಕೆ, ತಡೆಯಲಿಕ್ಕೆ ಹಲಗೆಯ ಬಾಗಿಲು ಇಟ್ಟರು. ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಕಗ್ಗ ಬಿತ್ತುತ್ತಾರೆ. ಕಗ್ಗ ಅಂದ್ರೆ ಉಪ್ಪು ತಡೆಯುವ, ನೀರಲ್ಲಿ ಮುಳುಗಿದರೂ ಎದ್ದು ನಿಲ್ಲುವ ಭತ್ತ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಆದ ಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಮೀನು, ಸಿಗಡಿ ಒಳಗೆ ಬರುತ್ತೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಇಷ್ಟೂ ನಿಂತಿರೋದು ಒಡ್ಡಿನ ಮೇಲೆ. ಒಂದು ಕಡೆ ಒಡೆದರೆ ಒಬ್ಬನ ಗದ್ದೆ ಮಾತ್ರ ಹೋಗಲ್ಲ, ಇಡೀ ಗಜನಿಗೆ ಉಪ್ಪುನೀರು ನುಗ್ಗುತ್ತೆ. ಪಕ್ಕದ ಬಾವಿಗಳೂ ಉಪ್ಪಾಗುತ್ತವೆ. ಆದ್ದರಿಂದ ಒಡ್ಡು ಯಾವತ್ತೂ ಒಬ್ಬನದ್ದಾಗಲು ಸಾಧ್ಯವಿಲ್ಲ. ಹಾಗಾದ್ರೆ ಯಾರದ್ದು? ಇಡೀ ಕತೆ ಇರೋದು ಈ ಪ್ರಶ್ನೆಯಲ್ಲೇ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಸೀಮೆ ಕಂಪನಿಯ ಕೈಗೆ ಬಂತು. ಇಲ್ಲಿಗೆ ಬಂದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅಲ್ಲಿಂದ ಮುಂದೆ ಜನರಿಗೆ ಸರ್ಕಾರ ಅಂದ್ರೆ ಮುಖ್ಯವಾಗಿ ಕಂದಾಯ. 1830-31ರಲ್ಲಿ ಕೆನರಾದ ರೈತರು, ಹೆಚ್ಚಾಗಿ ದಕ್ಷಿಣದ ಕಡೆಯವರು, ಊರೂರಲ್ಲಿ 'ಕೂಟ' ಸೇರಿ ಕಂದಾಯ ಕಟ್ಟಲ್ಲ ಅಂತ ಕೂತಿದ್ರು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಚೇರಿ ಬದಲಾಯ್ತು, ಕಂದಾಯ ಬದಲಾಗಲಿಲ್ಲ.

ಆಮೇಲೆ ಬಂದದ್ದು ಜಂಗಲ್ ಇಲಾಖೆ. 1878ರ ಅರಣ್ಯ ಕಾಯಿದೆಯ ನಂತರ ಸೊಪ್ಪು, ದರಕು, ಸೌದೆ ಎಲ್ಲಕ್ಕೂ ಗಡಿ ಬಿತ್ತು. ನಿನ್ನೆವರೆಗೆ ಹಿತ್ತಿಲಿನ ಹಾಗಿದ್ದ ಬೆಟ್ಟ ಇವತ್ತು ಸರ್ಕಾರದ್ದು. ಕರಾವಳಿಯ ಜನರ ಗೋಳು ಹೆಚ್ಚಾದ ಮೇಲೆ 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಅನ್ನುವ ಅಧಿಕಾರಿ ವಿಚಾರಣೆ ಮಾಡಿ, ಊರ ಬಳಕೆಯ ಕಾಡನ್ನು ಊರಿನವರೇ ನೋಡಿಕೊಳ್ಳುವ ದಾರಿ ತೋರಿಸಿದ. ಹಾಗೆ ಹುಟ್ಟಿದ್ದು ಗ್ರಾಮ ಅರಣ್ಯ ಪಂಚಾಯತಿಗಳು. ಕುಮಟಾ ಪೇಟೆಯ ಪಕ್ಕದ ಹಳಕಾರದ್ದು ಅವುಗಳಲ್ಲಿ ಒಂದು. ಈ ಹಳಕಾರವನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯ್ತು. ಅದಾದ ಮೇಲೆ ಅಂಕೋಲೆ, ಸಿದ್ದಾಪುರ ಕಡೆ ಕರನಿರಾಕರಣೆ. ಕಂದಾಯ ಕೊಡದ ರೈತರ ಜಮೀನು, ದನಕರು, ಪಾತ್ರೆ ಪಗಡೆ ಎಲ್ಲ ಜಪ್ತಿ ಆಯ್ತು. ಆ ತಲೆಮಾರಿಗೆ ಸರ್ಕಾರದಿಂದ ಬೇಕಿದ್ದದ್ದು ಒಂದೇ: ನಮ್ಮ ಪಾಡಿಗೆ ನಮ್ಮನ್ನ ಬಿಡಿ. ಸರ್ಕಾರ ಬಂದು ಒಡ್ಡು ಕಟ್ಟಿಕೊಡಲಿ ಅಂತ ಆಗ ಯಾರಿಗಾದ್ರೂ ಅನಿಸಿದ್ದರೆ ಅದೇ ಆಶ್ಚರ್ಯ.

ಹಾಗಾದ್ರೆ ಆಗ ಒಡ್ಡು ಕಟ್ಟುತ್ತಿದ್ದವರು ಯಾರು?

ಇಲ್ಲಿ ನಾನು ದೊಡ್ಡ ತಪ್ಪು ಮಾಡುವವನಿದ್ದೆ. "ಹಿಂದೆ ಊರಿನವರೆಲ್ಲ ಒಟ್ಟಾಗಿ, ಪ್ರೀತಿಯಿಂದ, ಸಹಕಾರದಿಂದ..." ಅಂತೆಲ್ಲ ಬರೆಯಲು ತಯಾರಾಗಿದ್ದೆ. ಒಳ್ಳೇದಕ್ಕೆ ಅಜ್ಜಿಯನ್ನ ಕೇಳಿದೆ.

ಅಜ್ಜಿಗೆ ಈಗ ಎಂಬತ್ತು ದಾಟಿದೆ. ಮದುವೆಯಾಗಿ ಬಂದ ಹೊಸತರಲ್ಲಿ ಒಡ್ಡಿಗೆ ಮಣ್ಣು ಹೊತ್ತವಳು. ಬೇಸಿಗೆಯಲ್ಲಿ ಗಜನಿ ಒಣಗಿದಾಗ ಮನೆಗೊಂದು ಆಳು ಹೋಗಬೇಕು. ಗಂಡಸರು ಕೆಸರು ಕಡಿದು ಹೆಂಟೆ ಎತ್ತಿಕೊಟ್ಟರೆ ಹೆಂಗಸರು ಹೆಡಿಗೆಯಲ್ಲಿ ಹೊರುವುದು. ಒಡೆದ ಜಾಗ ಮುಚ್ಚಬೇಕಾದ್ರೆ ಅಷ್ಟಮಿ ಹೊತ್ತಿಗೆ ಮುಚ್ಚಬೇಕು, ಆಗ ನೀರಿನ ಏರಿಳಿತ ಕಡಿಮೆ. ಅಮಾಸೆ ಹುಣ್ಣಿಮೆಗೆ ಕೈ ಹಾಕಿದರೆ ಹಾಕಿದ ಮಣ್ಣೆಲ್ಲ ಹೊಳೆಪಾಲು. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

"ಎಲ್ರೂ ಬರ್ತಿದ್ರಾ ಅಜ್ಜಿ?"

"ಬರದೆ? ಒಡೆಯರ ಹೆದ್ರಿಕೆ ಇರ್ಲಿಲ್ವ ತಮಾ. ಬರದವ್ನಿಗೆ ಮುಂದಿನ ವರ್ಷ ಗೇಣಿಗೆ ಗದ್ದೆ ಸಿಕ್ತಿರ್ಲಿಲ್ಲ."

ನನ್ನ 'ಸಹಕಾರ'ದ ಬಲೂನು ಅಲ್ಲಿಗೆ ಠುಸ್ ಅಂತು.

ನಿಜ ಅದೇ. ಗದ್ದೆ ಒಡೆಯರದ್ದು, ನಮ್ಮದು ಗೇಣಿ. ಬೆಳೆದದ್ದರಲ್ಲಿ ದೊಡ್ಡ ಪಾಲು ಗೇಣಿ ಭತ್ತವಾಗಿ ಅವರ ಅಂಗಳಕ್ಕೆ ಹೋಗ್ತಿತ್ತು. ಒಡ್ಡಿಗೆ ಜನ ಸೇರುತ್ತಿದ್ದದ್ದು ಅರ್ಧ ಹೊಟ್ಟೆಯ ಚಿಂತೆಗೆ, ಅರ್ಧ ಒಡೆಯರ ಹೆದರಿಕೆಗೆ. ಸರ್ಕಾರ ದೂರ ಇತ್ತು ಅಂದ ಮಾತ್ರಕ್ಕೆ ಜನ ಸ್ವತಂತ್ರರಾಗಿದ್ರು ಅಂತಲ್ಲ. ಹತ್ತಿರದಲ್ಲೇ ಇನ್ನೊಂದು ಸರ್ಕಾರ ಇತ್ತು, ಅಷ್ಟೇ. "ಹಿಂದೆ ಜನ ಎಲ್ಲದಕ್ಕೂ ಸರ್ಕಾರದ ಕಡೆ ನೋಡ್ತಿರಲಿಲ್ಲ" ಅಂತ ನಾವು ಸುಲಭವಾಗಿ ಹೇಳ್ತೇವಲ್ಲ, ಅವರು ಯಾರ ಕಡೆ ನೋಡ್ತಿದ್ರು ಅಂತಲೂ ಕೇಳಬೇಕು.

ಈ ಹತ್ತಿರದ ಸರ್ಕಾರವನ್ನ ಅಲ್ಲಾಡಿಸಿದವರಲ್ಲಿ ದೊಡ್ಡ ಹೆಸರು ದಿನಕರ ದೇಸಾಯಿ. ನಮಗೆಲ್ಲ ಶಾಲೆಯಲ್ಲಿ ಚುಟುಕದ ದೇಸಾಯಿ ಮಾತ್ರ ಗೊತ್ತು. ಅವರು ನಮ್ಮ ಜಿಲ್ಲೆಯ ಗೇಣಿದಾರರನ್ನ ಸಂಘಟಿಸಿದವರು, ಅದಕ್ಕಾಗಿ 1940ರಿಂದ ಐದು ವರ್ಷ ಜಿಲ್ಲೆಯಿಂದ ಗಡಿಪಾರಾದವರು. ಆಮೇಲೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲು ಮಾಡುತ್ತಾ ಹೋದ್ರು. ಸರ್ಕಾರ ಮಾಡಲಿ ಅಂತ ಕಾಯದೆ ಶಾಲೆ ಕಟ್ಟಿದ ಅದೇ ಮನುಷ್ಯ, ಗೇಣಿಯ ವಿಷಯದಲ್ಲಿ ಸರ್ಕಾರವೇ ಕಾನೂನು ಮಾಡಬೇಕು ಅಂತ ಹೋರಾಡಿದ್ರು. ಯಾವುದನ್ನ ನಾವೇ ಮಾಡಬಹುದು, ಯಾವುದನ್ನ ಸರ್ಕಾರವೇ ಮಾಡಬೇಕು ಅನ್ನೋ ವ್ಯತ್ಯಾಸ ಅವರಿಗೆ ಸ್ಪಷ್ಟ ಇತ್ತು ಅನ್ಸುತ್ತೆ.

ಈ ನಡುವೆ ಸರ್ಕಾರದ ಮುಖವೂ ಬದಲಾಗ್ತಿತ್ತು. 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. ಮರುವರ್ಷ ಕಾಯಿದೆ ಮಾಡಿ, ಚಳವಳಿಯಲ್ಲಿ ಕಳಕೊಂಡ ಜಮೀನನ್ನ ರೈತರಿಗೆ ವಾಪಸ್ ಕೊಡಿಸಿತು. ಕಿತ್ತುಕೊಂಡ ಸರ್ಕಾರವೇ ತಿರುಗಿ ಕೊಡುವುದನ್ನ ಜನ ಮೊದಲ ಸಲ ನೋಡಿದರು. ಸ್ವಾತಂತ್ರ್ಯ ಬಂತು, 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದೊಡ್ಡ ಬದಲಾವಣೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ರದ್ದು, ಉಳುವವನೇ ಒಡೆಯ. ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ನಮ್ಮಜ್ಜನಿಗೆ ಓದು ಬರ್ತಿರಲಿಲ್ಲ. ಯಾರದೋ ಕೈಲಿ ನಮೂನೆ ತುಂಬಿಸಿ, ಹೆಬ್ಬೆಟ್ಟು ಒತ್ತಿ ಬಂದ್ರಂತೆ. ಆ ರಾತ್ರಿ ನಿದ್ದೆ ಮಾಡಲಿಲ್ವಂತೆ. ಒಡೆಯರಿಗೆ ಎದುರಾಗಿ ಕಾಗದ ಕೊಟ್ಟಿದ್ದು ಆ ಮನೆತನದಲ್ಲಿ ಅದೇ ಮೊದಲು.

ಗದ್ದೆ ನಮ್ಮದಾಯ್ತು. ಇದನ್ನ ನಾನು ಯಾವತ್ತೂ ಮರೆಯೋ ಹಾಗಿಲ್ಲ. ಬೆಂಗಳೂರಿನಲ್ಲಿ ಗೆಳೆಯರು ಊಟಕ್ಕೆ ಕೂತಾಗ "ಸರ್ಕಾರ ಎಲ್ಲದರಿಂದ ದೂರ ಇರಬೇಕು, ಮಾರ್ಕೆಟ್ಟೇ ನೋಡ್ಕೊಳ್ಳುತ್ತೆ" ಅಂತ ವಾದ ಮಾಡುವಾಗ ನಾನು ಸುಮ್ಮನಿರ್ತೇನೆ. ನನ್ನ ಇಂಜಿನಿಯರಿಂಗ್ ಫೀಸಿನ ಹಿಂದೆ ಆ ಏಳನೇ ನಮೂನೆ ಇದೆ. ಯಾವ ಮಾರ್ಕೆಟ್ಟೂ, ಯಾವ ಊರಕೂಟವೂ ನಮ್ಮಜ್ಜನಿಗೆ ಆ ಗದ್ದೆ ಕೊಡ್ತಿರಲಿಲ್ಲ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಸರ್ಕಾರ ಇನ್ನೊಂದನ್ನೂ ಕೊಟ್ಟಿತು: ಖಾರ್‌ಲ್ಯಾಂಡ್ ಒಡ್ಡು. ನಾನು ಚಿಕ್ಕವನಿದ್ದಾಗ ಅದು ಮೆಣಸಿನಕಾಯಿ ಖಾರ ಅಂದ್ಕೊಂಡಿದ್ದೆ! ಮರಾಠಿಯಲ್ಲಿ ಖಾರ್ ಅಂದ್ರೆ ಉಪ್ಪು. 1948ರಲ್ಲಿ ಮುಂಬೈ ಸರ್ಕಾರ ಖಾರ್ ಲ್ಯಾಂಡ್ಸ್ ಆಕ್ಟ್ ಮಾಡಿ, ಇಂಥ ಉಪ್ಪುನೀರಿನ ಜಮೀನಿನ ರಕ್ಷಣೆಗೆ ಒಂದು ಮಂಡಳಿ ಮಾಡಿತ್ತು. ಹೆಸರು ಆ ಕಾಲದ್ದು. 1960-70ರ ದಶಕಗಳಲ್ಲಿ ಅಘನಾಶಿನಿಯ ಗಜನಿಗಳಿಗೆ ಮಣ್ಣಿನ ಒಡ್ಡಿನ ಜಾಗದಲ್ಲಿ ಕಲ್ಲಿನ ಕಾಯಂ ಒಡ್ಡು ಬಂತು.

"ಆ ವರ್ಷ ಮಣ್ಣು ಹೊರೂಕಿಲ್ಲ ಅಂದಾಗ ಹ್ಯಾಂಗಾಯ್ತು ಅಜ್ಜಿ?"

"ಸೊಂಟ ನೋವು ಕಮ್ಮಿ ಆಯ್ತು," ಅಂದ್ಳು.

ಇದಕ್ಕಿಂತ ಪ್ರಾಮಾಣಿಕ ಉತ್ತರ ಇಲ್ಲ. ಯಾರೂ ಅದನ್ನ ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ಆದರೆ ಒಡ್ಡು ಕಲ್ಲಿನದಾದ ಮೇಲೆ ಬೇಸಿಗೆಯಲ್ಲಿ ಸೇರುವುದು ನಿಂತಿತು. ಸೇರುವುದು ನಿಂತ ಮೇಲೆ ಯಾವ ಬಾಗಿಲು ಯಾವಾಗ ತೆಗೀಬೇಕು, ಯಾವ ಕಡೆ ಏಡಿ ತೂತು ಮಾಡಿದೆ ಅಂತ ನೋಡುವವರು ಕಡಿಮೆಯಾದರು. ಕಲ್ಲಿನ ಒಡ್ಡಿಗೂ ವಯಸ್ಸಾಗುತ್ತೆ. ಅದು ಸಡಿಲ ಆದಾಗ ಜನರ ಬಾಯಲ್ಲಿ ಬಂದ ಮಾತು "ನಮ್ಮ ಒಡ್ಡು ಹೋಯ್ತು" ಅಂತಲ್ಲ, "ಸರ್ಕಾರದ ಒಡ್ಡು ಹೋಯ್ತು". ಒಡೆಯ ಹೋದ, ಒಡೆಯನ ಹೆದರಿಕೆಯೂ ಹೋಯ್ತು, ಒಳ್ಳೇದೇ ಆಯ್ತು. ಆದರೆ ಆ ಹೆದರಿಕೆ ಮಾಡಿಸುತ್ತಿದ್ದ ಕೆಲಸವನ್ನ ಈಗ ಸಮಾನರಾದ ನಾವು ನಾವೇ ಕೂತು ಮಾತಾಡಿ ಮಾಡುವ ಒಂದು ಕ್ರಮ ಹುಟ್ಟಬೇಕಿತ್ತು. ಅದು ಹುಟ್ಟುವ ಮೊದಲೇ ಕಲ್ಲಿನ ಒಡ್ಡು ಬಂದುಬಿಟ್ಟಿತು.

ಆಮೇಲಿನದ್ದು ನಿಮಗೂ ಗೊತ್ತಿರಬಹುದು. 80-90ರ ದಶಕದಲ್ಲಿ ಸಿಗಡಿ ಸಾಕಣೆಯ ಗಾಳಿ ಬೀಸಿತು. ಕಗ್ಗ ಬೆಳೆದು ಬರುವ ದುಡ್ಡಿಗಿಂತ ಗಜನಿಯನ್ನ ಸಿಗಡಿಯವರಿಗೆ ಬಿಟ್ಟುಕೊಟ್ಟರೆ ಹೆಚ್ಚು. ವರ್ಷವಿಡೀ ಉಪ್ಪುನೀರು ನಿಲ್ಲಿಸಿದ ಕಡೆ ಭತ್ತ ಹೋಯ್ತು. 1994-95ರ ಹೊತ್ತಿಗೆ ದೇಶದ ಕರಾವಳಿಯ ಸಿಗಡಿಗೆ ಬಿಳಿಚುಕ್ಕೆ ರೋಗ ಬಡಿಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಕರಾವಳಿ ನಿಯಂತ್ರಣ ವಲಯದಲ್ಲಿ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಉಳಿದ ಸಿಗಡಿ ಕೆರೆಗಳು ನಡೆಯಬಾರದು ಅಂತ ತೀರ್ಪು ಕೊಟ್ಟಿತು. ಸರ್ಕಾರವೂ ಸೋತ, ಮಾರ್ಕೆಟ್ಟೂ ಸೋತ ಎಷ್ಟೋ ಗಜನಿಗಳು ಹಾಗೇ ಪಾಳು ಬಿದ್ದವು. ಮಾಣಿಕಟ್ಟಾದಂಥ ಕೆಲವು ಕಡೆ ಜನ ಪಟ್ಟು ಹಿಡಿದು ಕಗ್ಗ ಉಳಿಸಿಕೊಂಡಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

ಈಗ ಹಳಕಾರಕ್ಕೆ ಬರೋಣ. 1979ರಲ್ಲಿ ರಾಜ್ಯ ಸರ್ಕಾರ ಈ ಗ್ರಾಮ ಅರಣ್ಯ ಪಂಚಾಯತಿಗಳನ್ನು ಮುಚ್ಚಲು ಹೊರಟಿತು. ಕಾಡು ನೋಡ್ಕೊಳ್ಳಲು ಇಲಾಖೆ ಇದೆಯಲ್ಲ ಅಂತ ಲೆಕ್ಕ. ಹಳಕಾರದವರು ಒಪ್ಪಲಿಲ್ಲ, ಕೋರ್ಟಿಗೆ ಹೋದರು. ಪಂಚಾಯತಿ ಉಳಿಯಿತು, ಕಾಡೂ ಉಳಿಯಿತು. ಒಂದೇ ತಾಲೂಕು, ಒಂದೇ ಕಾಲ. ಒಡ್ಡನ್ನ ನಾವು ಖುಷಿಯಿಂದ ಬಿಟ್ಟುಕೊಟ್ಟೆವು, ಕಾಡನ್ನ ಅವರು ಬಿಟ್ಟುಕೊಡಲಿಲ್ಲ. ನನಗೆ ತೋಚುವ ಕಾರಣ ಒಂದೇ. ಅವರ ಹತ್ರ ಅಷ್ಟೊತ್ತಿಗೆ ಅರ್ಧ ಶತಮಾನದಿಂದ ಸೇರಿ, ಲೆಕ್ಕ ಇಟ್ಟು, ಕಾವಲಿಗೆ ಜನ ನೇಮಿಸಿ ನಡೆಸಿದ ಒಂದು ಸಂಸ್ಥೆ ಇತ್ತು. ನಮ್ಮ ಹತ್ರ ಇದ್ದದ್ದು ಒಡೆಯರ ಹೆದರಿಕೆ ಮಾತ್ರ.

ಇನ್ನೂ ಒಂದು ತಿರುವು ಇದೆ. 2000ದ ದಶಕದಲ್ಲಿ ಹೊಳೆಯ ಆಚೆ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡ್ತೇವೆ ಅಂತ ಹೊರಟರು. ಕೈಗಾರಿಕೆಗೆ ಅಂತ ಅಲ್ಲಿ ಮೊದಲೇ ಜಮೀನು ತಗೊಂಡಿಟ್ಟಿದ್ರು. ಮೀನುಗಾರರು, ಚಿಪ್ಪಿಕಲ್ಲು ಆರಿಸುವ ಹೆಂಗಸರು, ರೈತರು, ಎಲ್ಲ ಎದ್ದು ನಿಂತರು. ಹೊಳೆಬಾಯಿಯಲ್ಲಿ ಏನೇನಿದೆ ಅಂತ ವಿಜ್ಞಾನಿಗಳು ಬಂದು ಲೆಕ್ಕ ಮಾಡಿ ಬರೆದರು. ಸ್ಥಾವರ ಬರಲಿಲ್ಲ. 2024ರ ಜನವರಿಯಲ್ಲಿ ಅದೇ ಹೊಳೆಬಾಯಿಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ ಸೇರಿತು, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದು.

ಅಂದ್ರೆ ನೋಡಿ, ನಮ್ಮೂರಿನ ಕಡೆಯ ಜನರೇ ಒಂದು ಕೈಯಲ್ಲಿ "ಒಡ್ಡು ಕಟ್ಟಿಕೊಡಿ" ಅಂತ ಅರ್ಜಿ ಹಿಡಿದಿದ್ದಾರೆ, ಇನ್ನೊಂದು ಕೈಯಲ್ಲಿ "ಸ್ಥಾವರ ಬೇಡ" ಅಂತ ಬೋರ್ಡು ಹಿಡಿದಿದ್ದಾರೆ. ಪೇಪರ್ ಓದುವವರಿಗೆ ಇದು ವಿರೋಧಾಭಾಸ ಅನಿಸಬಹುದು. ನನಗೆ ಹಾಗೆ ಅನಿಸಲ್ಲ. ಎರಡೂ ಕಡೆ ಕೇಳ್ತಿರೋದು ಒಂದನ್ನೇ: ನಮ್ಮ ನೀರಿನ ವಿಷಯದಲ್ಲಿ ನಮ್ಮನ್ನೂ ಕೇಳಿ.

ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ನೆದರ್ಲೆಂಡ್ಸಿನವರು. ಒಂದು ಸಲ ಕಾಲ್ ಮುಗಿದ ಮೇಲೆ ಸುಮ್ಮನೆ ಮಾತಾಡ್ತಾ ಒಡ್ಡಿನ ವಿಷಯ ಹೇಳಿದೆ. ಆ ದೇಶದ ದೊಡ್ಡ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ, ಅಂದ್ರೆ ಒಂದು ರೀತಿ ದೇಶಕ್ಕೆ ದೇಶವೇ ಗಜನಿ. ಅಲ್ಲಿ ಒಡ್ಡು ನೋಡ್ಕೊಳ್ಳೋದಕ್ಕೆ ವಾಟರ್‌ಸ್ಖಾಪ್ ಅಂತ ನೀರಿನ ಮಂಡಳಿಗಳಿವೆ. ರೈನ್‌ಲ್ಯಾಂಡಿನ ಮಂಡಳಿಯ ಚರಿತ್ರೆ 1255ರಷ್ಟು ಹಳೇದು, ಅವರ ಈಗಿನ ಸರ್ಕಾರಕ್ಕಿಂತ ಎಷ್ಟೋ ಹಿಂದಿನದು. ಅದಕ್ಕೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ. 1953ರ ಫೆಬ್ರವರಿ ಪ್ರವಾಹದಲ್ಲಿ ಅಲ್ಲಿ 1800ಕ್ಕೂ ಹೆಚ್ಚು ಜನ ಸತ್ತ ಮೇಲೆ ದೊಡ್ಡ ದೊಡ್ಡ ತಡೆಗೋಡೆಗಳನ್ನ ಸರ್ಕಾರವೇ ಕಟ್ಟಿತು. ಆದರೆ ಮಂಡಳಿಗಳನ್ನ ಮುಚ್ಚಲಿಲ್ಲ, ಒಂದಕ್ಕೊಂದು ಸೇರಿಸುತ್ತಾ ಬಂದು ಈಗ 21 ಇವೆ. ಊರಿಗೆ ಮೀರಿದ್ದು ಸರ್ಕಾರಕ್ಕೆ, ಊರಿಂದ ಆಗುವುದು ಊರಿಗೆ. ನಾವು ಎರಡರಲ್ಲಿ ಒಂದನ್ನ ಆರಿಸಬೇಕು ಅಂದ್ಕೊಂಡು ಕೂತಿದ್ದೇವೆ.

ಸರಿ, ನನ್ನ ಅರ್ಜಿಯ ಕತೆ ಏನಾಯ್ತು? ಮೊದಲ ಕಚೇರಿಯವರು ಈ ಒಡ್ಡು ನಮ್ಮ ಪಟ್ಟಿಯಲ್ಲಿಲ್ಲ ಅಂದ್ರು. ಎರಡನೇ ಕಚೇರಿಯವರು ಮೊದಲ ಕಚೇರಿಗೇ ಕೊಡಿ ಅಂದ್ರು. ನಾನು ಬುದ್ಧಿವಂತ ಅಂತ ಆನ್‌ಲೈನಲ್ಲಿ ಫೋಟೋ ಸಮೇತ ದೂರು ಹಾಕಿದೆ. ಮೂರು ವಾರ ಬಿಟ್ಟು ಎಸ್ಸೆಮ್ಮೆಸ್ ಬಂತು: ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಮುಕ್ತಾಯ ಆಗಿದ್ದು ದೂರು, ಒಡ್ಡು ಬಾಯಿ ತೆರೆದುಕೊಂಡೇ ಇತ್ತು. ಆ ವರ್ಷದ ಕಗ್ಗ ಪೂರ್ತಿ ಹೋಯ್ತು. ನಮ್ಮ ಬಾವಿ ನೀರಿನಲ್ಲಿ ಈಗಲೂ ಚಾ ಮಾಡಿದರೆ ಹಾಲು ಒಡೆಯುತ್ತೆ.

"ನಾವೇ ಮಣ್ಣು ಹಾಕೋಣ ಅಪ್ಪ, ದುಡ್ಡು ನಾನು ಸ್ವಲ್ಪ ಹಾಕ್ತೇನೆ" ಅಂದೆ ಫೋನಿನಲ್ಲಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು: "ನಾವು ಒಂದು ಸಲ ಹಾಕಿದ್ರೆ ಮುಗೀತು. ನಾಳೆ ಯಾವ ಕಚೇರಿಗೆ ಹೋದ್ರೂ 'ನೀವೇ ಮಾಡ್ಕೊಂಡಿದ್ದೀರಲ್ಲ' ಅಂತಾರೆ. ಕಂದಾಯ ಕಟ್ಟೋದು ಯಾಕೆ ಮತ್ತೆ?"

ನಾನು ಇದನ್ನ ಸೋಮಾರಿತನ ಅಂದ್ಕೊಂಡಿದ್ದೆ ಇಷ್ಟು ದಿನ. ಅಲ್ಲ. ಅಪ್ಪನ ತಲೆಮಾರು ಸರ್ಕಾರದ ಮೇಲೆ ಒಂದು ಹಕ್ಕು ಗಳಿಸಿಕೊಂಡಿದೆ. ಅವರ ಅಪ್ಪ ಹೆಬ್ಬೆಟ್ಟು ಒತ್ತಿ ಗಳಿಸಿದ್ದು ಅದು. ಅದನ್ನ ಕೈಬಿಡಲು ಅವರಿಗೆ ಹೆದರಿಕೆ. ಆ ಹೆದರಿಕೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಇನ್ನೊಂದು ತೊಡಕೂ ಇದೆ. ಆ ಗಜನಿಯ ಪಹಣಿಗಳಲ್ಲಿ ಇನ್ನೂ ಸತ್ತವರ ಹೆಸರುಗಳಿವೆ. ಮಕ್ಕಳು ಮೊಮ್ಮಕ್ಕಳು ಮುಂಬೈ, ಗೋವಾ, ಬೆಂಗಳೂರು ಅಂತ ಚದುರಿದ್ದಾರೆ. ಮನೆಗೊಂದು ಆಳು ಬರಬೇಕು ಅಂದ್ರೆ, ಯಾವ ಮನೆ? ಒಂದು ತಿಂಗಳು ಕೂತು ನಾನು ಮಾಡಿದ್ದು ಒಂದೇ ಕೆಲಸ, ಪಾಲುದಾರರ ಹೆಸರು, ಫೋನ್ ನಂಬರು ಹುಡುಕಿ ಒಂದು ಪಟ್ಟಿ. 43 ಜನ ಸಿಕ್ಕಿದ್ರು. ವಾಟ್ಸಾಪ್ ಗ್ರೂಪ್ ಮಾಡಿದೆ. ಎರಡು ದಿನ ಗುಡ್ ಮಾರ್ನಿಂಗ್ ಹೂವು ಬಂತು, ಮೂರನೇ ದಿನ ಒಬ್ಬರು ಮುಂಬೈಯಿಂದ ಬರೆದ್ರು, "ನಮ್ಮ ಅಮ್ಮ ಅಲ್ಲಿ ಮಣ್ಣು ಹೊತ್ತದ್ದು ಹೇಳ್ತಿದ್ರು. ಖರ್ಚೆಷ್ಟು?"

ಅಪ್ಪನ ಜೊತೆ ರಾಜಿ ಹೀಗಾಗಿದೆ. ಒಡೆದ ಜಾಗಕ್ಕೆ ಈ ಬೇಸಿಗೆಯಲ್ಲಿ ನಾವೇ ಮಣ್ಣು ಹಾಕೋದು. ಅದರ ಜೊತೆಗೇ, ಕಲ್ಲಿನ ಒಡ್ಡು ದುರಸ್ತಿ ಸರ್ಕಾರದ್ದೇ ಕೆಲಸ, ನಾವು ಹಾಕಿದ್ದು ತಾತ್ಕಾಲಿಕ ಅಂತ ಹೊಸ ಅರ್ಜಿ. ಈ ಸಲ ಒಬ್ಬರ ಸಹಿ ಅಲ್ಲ, ಪಟ್ಟಿಯಲ್ಲಿ ಇರುವಷ್ಟೂ ಜನರದ್ದು. ಅರ್ಜಿ ನಾನೇ ಬರೀತಿದ್ದೇನೆ, ಅದರಲ್ಲಂತೂ ಪಳಗಿದ್ದೇನೆ. ರಜೆಗೂ ಹಾಕಿಯಾಯ್ತು. ಯಾವ ದಿನ ಅಂತ ಅಜ್ಜಿಯನ್ನ ಕೇಳಿದೆ. ಪಂಚಾಂಗ ತರಿಸಿ, ಕನ್ನಡಕ ಏರಿಸಿ, ಅಷ್ಟಮಿ ಹುಡುಕಿ ಬೆರಳಿಟ್ಟಳು.

ಎಷ್ಟು ಜನ ಬರ್ತಾರೋ ಗೊತ್ತಿಲ್ಲ. ಈಗ ಹೆದರಿಸಲು ಒಡೆಯರಿಲ್ಲ, ಬಂದವರೆಲ್ಲ ತಾವಾಗಿ ಬಂದವರು. ಐದೇ ಜನ ಬಂದರೂ ಅದು ಹೊಸತೇ.

ನಿಮ್ಮ ಊರಲ್ಲೂ ಇಂಥದ್ದೊಂದು ಇರಬೇಕಲ್ಲ? ಕೆರೆಯೋ, ಕಾಲುವೆಯೋ, ಗೋಮಾಳವೋ? ಅದು ಯಾವಾಗ ನಿಮ್ಮದಾಗಿದ್ದು ಸರ್ಕಾರದ್ದಾಯ್ತು ಅಂತ ಮನೆಯಲ್ಲಿ ಹಿರಿಯರು ಇದ್ದರೆ ಒಮ್ಮೆ ಕೇಳಿ ನೋಡಿ. ಬೇಗ ಕೇಳಿ.